ಬಾತ್‌ರೂಮಿನ ದಾರದ ಸ್ವಿಚ್ಚು ನಾನೇ ಬದಲಿಸಿದ್ದು

ಇಂಗ್ಲೆಂಡಿನ ಹಳೆಯ ಮನೆಗಳ ಬಾತ್‌ರೂಮಿನಲ್ಲಿ ಗೋಡೆ ತಡವಿದರೆ ಸ್ವಿಚ್ಚು ಸಿಗುವುದಿಲ್ಲ. ಸೀಲಿಂಗಿನಿಂದ ಒಂದು ಬಿಳಿ ದಾರ ಇಳಿಬಿದ್ದಿರುತ್ತದೆ. ಎಳೆದರೆ ಟಕ್ ಎಂದು ದೀಪ ಹತ್ತುತ್ತದೆ, ಇನ್ನೊಮ್ಮೆ ಎಳೆದರೆ ಆರುತ್ತದೆ. ನಾವಿರುವ ಮನೆಯಲ್ಲಿ ಆ ಟಕ್ ಅನ್ನುವ ಸದ್ದೇ ನಿಂತುಹೋಯಿತು. ದಾರ ಮೆತ್ತಗೆ ಕೆಳಗೆ ಬರುತ್ತಿತ್ತು, ಮೆತ್ತಗೆ ಮೇಲೆ ಹೋಗುತ್ತಿತ್ತು, ದೀಪ ಮಾತ್ರ ಹತ್ತಿದ್ದು ಹತ್ತಿದ ಹಾಗೇ ಇರುತ್ತಿತ್ತು. ಎಲೆಕ್ಟ್ರಿಷಿಯನ್ ಕರೆಸುವ ಬದಲು ನಾನೇ ಮಾಡಿದೆ. ಇಲ್ಲಿಗೆ ಹೊಸದಾಗಿ ಬಂದು ಇದೇ ದಾರದ ಕೆಳಗೆ ನಿಂತಿರುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ದಾರ ಯಾಕೆ ಅಂದರೆ ಕಾರಣ ನೀರು. ಒದ್ದೆ ಕೈ ಕರೆಂಟಿನ ಹತ್ತಿರ ಹೋಗಬಾರದು. ಇಲ್ಲಿನ ವೈರಿಂಗ್ ನಿಯಮಾವಳಿ ಬಿಎಸ್ 7671. ಅದು ಬಾತ್‌ರೂಮನ್ನು ವಲಯಗಳಾಗಿ ಭಾಗ ಮಾಡುತ್ತದೆ. ಟಬ್ಬಿನ ಅಥವಾ ಶವರ್ ಜಾಗದ ಮೇಲೆ ನೆಲದಿಂದ 2.25 ಮೀಟರ್ ಎತ್ತರದವರೆಗೆ ಒಂದನೇ ವಲಯ, ಅದರ ಅಂಚಿನಿಂದ ಸುತ್ತ 60 ಸೆಂಟಿಮೀಟರ್ ಎರಡನೇ ವಲಯ. ಸಾಮಾನ್ಯ ಸ್ವಿಚ್ಚು ಇವುಗಳ ಒಳಗೆ ಬರುವ ಹಾಗಿಲ್ಲ, ಆದರೆ ಕರೆಂಟು ಹರಿಯದ ದಾರ ನೇತಾಡಬಹುದು. ಪುಟ್ಟ ಬಾತ್‌ರೂಮಿನಲ್ಲಿ ವಲಯದ ಹೊರಗಿನ ಗೋಡೆ ಸಿಗುವುದೇ ಕಷ್ಟ. ಅದಕ್ಕೇ ಸ್ವಿಚ್ಚು ಒಂದೋ ಬಾಗಿಲ ಹೊರಗೆ, ಇಲ್ಲವೇ ಸೀಲಿಂಗಿನ ಮೇಲೆ.

ಮನೆಯವರೇ ಮಾಡಬಹುದೇ ಎಂದು ಹಲವರು ಕೇಳುತ್ತಾರೆ. ಇಂಗ್ಲೆಂಡಿನಲ್ಲಿ ಮನೆಯೊಳಗಿನ ವಿದ್ಯುತ್ ಕೆಲಸಕ್ಕೆ 2005ರಿಂದ ಪಾರ್ಟ್ ಪಿ ಎಂಬ ಕಟ್ಟಡ ನಿಯಮ ಇದೆ. ಇದ್ದ ಜಾಗದಲ್ಲೇ ಹಳೆಯದನ್ನು ತೆಗೆದು ಅಂಥದ್ದೇ ಹೊಸದನ್ನು ಹಾಕುವುದಾದರೆ ಸ್ಥಳೀಯ ಕಟ್ಟಡ ನಿಯಂತ್ರಣ ಕಚೇರಿಗೆ ತಿಳಿಸಬೇಕಿಲ್ಲ. ಹೊಸ ಸರ್ಕ್ಯೂಟ್ ಎಳೆದರೆ, ಟಬ್ಬು ಅಥವಾ ಶವರಿನ ಸುತ್ತಲಿನ ಜಾಗದಲ್ಲಿ ವೈರಿಂಗ್ ಬದಲಿಸಿದರೆ ತಿಳಿಸಬೇಕು. ಬಾಡಿಗೆ ಮನೆಯಾದರೆ ಕೈ ಹಾಕಬೇಡಿ, ಅದು ಮಾಲೀಕರ ಹೊಣೆ.

ಇಡೀ ಸ್ವಿಚ್ಚೇ ಹೋಗಿದೆ ಎಂದು ತೀರ್ಮಾನಿಸುವ ಮೊದಲು ದಾರ ನೋಡಿ. ಅರ್ಧ ದಾರಿಯಲ್ಲೋ ಸ್ವಿಚ್ಚಿಗೆ ಹತ್ತಿರವೋ ಒಂದು ಸಣ್ಣ ಪ್ಲಾಸ್ಟಿಕ್ ಜೋಡಣೆ ಇರುತ್ತದೆ. ಅದನ್ನು ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ದಾರ ಅದರ ಕೆಳಗೆ ತುಂಡಾಗಿದ್ದರೆ ಹೊಸ ದಾರ ಕಟ್ಟಿದರೆ ಮುಗಿಯಿತು, ಸ್ವಿಚ್ಚನ್ನು ತೆರೆಯುವುದೇ ಬೇಡ. ತುಂಡಾಗಿದ್ದು ಸ್ವಿಚ್ಚಿನ ಬಾಯಲ್ಲೇ ಆದರೆ ರಿಪೇರಿಗೆ ಇಳಿಯಬೇಡಿ. ಸಾಮಾನ್ಯ ದೀಪದ ಸ್ವಿಚ್ಚು ಕೆಲವೇ ಪೌಂಡಿನದು.

ಬಿಚ್ಚಿ ತಂದ ಹಳೆಯದನ್ನು ಮೇಜಿನ ಮೇಲೆ ತೆರೆದು ನೋಡಿದೆ. ಒಳಗೆ ಒಂದು ಪುಟ್ಟ ಹಲ್ಲಿನ ಚಕ್ರ. ದಾರ ಎಳೆದಾಗಲೆಲ್ಲ ಅದು ಒಂದು ಹೆಜ್ಜೆ ತಿರುಗಬೇಕು. ಒಂದು ಹೆಜ್ಜೆಗೆ ತಾಮ್ರದ ಪಟ್ಟಿ ಕೂಡುತ್ತದೆ, ಮುಂದಿನ ಹೆಜ್ಜೆಗೆ ಬಿಡುತ್ತದೆ. ಸ್ಪ್ರಿಂಗು ಚೆನ್ನಾಗಿಯೇ ಇತ್ತು, ಕರೆಂಟು ಹರಿಯುವ ತುದಿಗಳಲ್ಲೂ ಸುಟ್ಟ ಕಲೆ ಇರಲಿಲ್ಲ. ಚಕ್ರದ ಹಲ್ಲುಗಳು ಮಾತ್ರ ಸವೆದು ದುಂಡಗಾಗಿದ್ದವು. ದಾರ ಹೊರಬರುವ ತೂತಿನ ಒಂದೇ ಬದಿಗೆ ಆಳವಾದ ಗೀರು ಬಿದ್ದಿತ್ತು. ಅದು ಬಾಗಿಲ ಕಡೆಯ ಬದಿ. ಒಳಗೆ ಬರುವವರೆಲ್ಲ ಬಾಗಿಲಲ್ಲೇ ನಿಂತು ಓರೆಯಾಗಿ ಎಳೆದಿದ್ದಾರೆ. ಸ್ವಿಚ್ಚಿನ ತಳವನ್ನು, ಅಂದರೆ ಬೇಸನ್ನು, ಹಿಡಿದಿದ್ದ ಎರಡು ಸ್ಕ್ರೂಗಳಲ್ಲಿ ಒಂದು ಸೀಲಿಂಗಿನ ಪ್ಲಾಸ್ಟರ್‌ಬೋರ್ಡಿನಲ್ಲಿ (ಜಿಪ್ಸಮ್ ಹಲಗೆಯಲ್ಲಿ) ಸುಮ್ಮನೆ ತಿರುಗುತ್ತಿತ್ತು.

ಇದನ್ನು ಕಂಡ ಮೇಲೆ ನನಗೆ ಒಂದು ಮಾತು ಖಚಿತವಾಯಿತು. ಗೋಡೆಯ ಸ್ವಿಚ್ಚನ್ನು ಬೆರಳು ಒತ್ತುತ್ತದೆ, ಗೋಡೆ ಆಸರೆ ಕೊಡುತ್ತದೆ. ದಾರದ ಸ್ವಿಚ್ಚನ್ನು ದಿನಾ ಸೀಲಿಂಗಿನಿಂದ ಕೀಳುವ ಕಡೆಗೇ ಎಳೆಯುತ್ತೇವೆ. ಹಾಗಾಗಿ ಆಯ್ಕೆ ಮಾಡುವಾಗ ದಾರದ ತುದಿಯ ಹಿಡಿ ಹಿತ್ತಾಳೆಯದೋ ಮರದ್ದೋ ಎನ್ನುವುದಕ್ಕಿಂತ ಸ್ವಿಚ್ಚು ಸೀಲಿಂಗಿನಲ್ಲಿ ಹೇಗೆ ಕೂರುತ್ತದೆ ಎನ್ನುವುದು ಮುಖ್ಯ.

ಮೊದಲು ಆಂಪಿಯರ್, ಅಂದರೆ ಸ್ವಿಚ್ಚು ಎಷ್ಟು ಕರೆಂಟು ತಾಳುತ್ತದೆ ಎನ್ನುವುದನ್ನು ನೋಡಬೇಕು. ದೀಪಕ್ಕೆ 6 ಆಂಪಿಯರಿನದು ಸಾಕು. 16ರದ್ದು ಗೋಡೆಯ ಹೀಟರಿನಂಥವಕ್ಕೆ. ಎಲೆಕ್ಟ್ರಿಕ್ ಶವರಿಗೆ 45 ಅಥವಾ 50 ಆಂಪಿಯರಿನ ದೊಡ್ಡ ಚೌಕಾಕಾರದ ಸ್ವಿಚ್ಚು ಇರುತ್ತದೆ. ಅದಕ್ಕೆ ಪುಟ್ಟ ಕೆಂಪು ದೀಪ ಇರುತ್ತದೆ, ಲೈವ್ (ನಾವು ಫೇಸ್ ಅನ್ನುವ ತಂತಿ) ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುತ್ತದೆ. 9.5 ಕಿಲೋವ್ಯಾಟ್ ಶವರ್ 230 ವೋಲ್ಟಿನಲ್ಲಿ ಸುಮಾರು 41 ಆಂಪಿಯರ್ ಎಳೆಯುತ್ತದೆ. ದೀಪದ ಸ್ವಿಚ್ಚನ್ನು ಅಲ್ಲಿಗೆ ಹಾಕಿದರೆ ಬೆಂಕಿಗೆ ದಾರಿ. ಶವರಿನ ಸ್ವಿಚ್ಚು ಕೆಟ್ಟರೆ ನಾನು ಕೈ ಹಾಕುವುದಿಲ್ಲ. ಅಲ್ಲಿ ಒಂದು ಸ್ಕ್ರೂ ಸಡಿಲವಾಗಿ ಉಳಿದರೂ ತಂತಿ ಸಿಕ್ಕಿಸುವ ಟರ್ಮಿನಲ್ ಕಾದು ಕರಗಬಹುದು. ಅದು ಕಸುಬುದಾರರ ಕೆಲಸ.

ದೀಪದ ಸ್ವಿಚ್ಚಿನಲ್ಲಿ ಒಂದೇ ಕಡೆಯಿಂದ ದೀಪ ಹಚ್ಚುವ ಒನ್ ವೇ, ಎರಡು ಕಡೆಯಿಂದ ಹಚ್ಚಲು ಬರುವ ಟೂ ವೇ ಎರಡೂ ಸಿಗುತ್ತವೆ. ನಾನು ಟೂ ವೇ ಕೊಂಡೆ. ಅದರ ಕಾಮನ್ ಮತ್ತು ಎಲ್1 ಟರ್ಮಿನಲ್ ಮಾತ್ರ ಬಳಸಿದರೆ ಒನ್ ವೇ ಆಗಿಯೂ ಕೆಲಸ ಮಾಡುತ್ತದೆ. ಕ್ರೋಮ್, ಹಿತ್ತಾಳೆಯ ಸ್ವಿಚ್ಚುಗಳು ಚೆಂದವೇನೋ ಹೌದು, ಆದರೆ ಲೋಹದ ಮೈಗೆ ಅರ್ತ್ ಕಡ್ಡಾಯ. ಹಳೆಯ ವೈರಿಂಗಿನಲ್ಲಿ ಅರ್ತ್ ತಂತಿಯೇ ಇಲ್ಲದಿದ್ದರೆ ಲೋಹದ್ದು ಬೇಡ. ಲೋಹದ ಸರಪಳಿಯದಾದರೆ ನಡುವೆ ಕರೆಂಟು ಹರಿಯದ ತುಂಡು ಇರಲೇಬೇಕು. ನಾನು ಬಿಳಿ ಪ್ಲಾಸ್ಟಿಕ್ಕಿನದನ್ನೇ ಆರಿಸಿದೆ. ಮೈಮೇಲೆ ಸ್ವಿಚ್ಚುಗಳ ಗುಣಮಟ್ಟದ ಗುರುತು ಬಿಎಸ್ ಇಎನ್ 60669 ಎಂದು ಅಚ್ಚಾಗಿತ್ತು, ಬೇಸ್ ಹಳೆಯದಕ್ಕಿಂತ ತುಸು ಅಗಲ ಇತ್ತು. ಅಗಲ ಇದ್ದರೆ ಸೀಲಿಂಗಿನ ಹಳೆಯ ಬಣ್ಣದ ಉಂಗುರ ಮುಚ್ಚಿಹೋಗುತ್ತದೆ.

ಕೆಲಸ ಹಗಲಲ್ಲಿ ಇಟ್ಟುಕೊಳ್ಳಿ, ಆ ಹೊತ್ತಿನಲ್ಲಿ ಬಾತ್‌ರೂಮಿನ ದೀಪ ಇರುವುದಿಲ್ಲವಲ್ಲ. ದಾರ ಎಳೆದು ದೀಪ ಆರಿಸಿದರೆ ಸ್ವಿಚ್ಚಿನ ಒಳಗಿನ ಕರೆಂಟು ಹೋಗುವುದಿಲ್ಲ. ಫ್ಯೂಸ್ ಬೋರ್ಡಿನಲ್ಲಿ ಆ ಸರ್ಕ್ಯೂಟಿನ ಎಂಸಿಬಿ, ಅಂದರೆ ಪುಟ್ಟ ಬ್ರೇಕರ್, ಇಳಿಸಬೇಕು. ಮನೆಯಲ್ಲಿ ಬೇರೆಯವರು ಇದ್ದರೆ ಅದಕ್ಕೆ ಬೀಗದ ಕ್ಲಿಪ್ ಹಾಕಬೇಕು. ನಾವೆಲ್ಲ ಊರಿನಲ್ಲಿ ಬಳಸುವ ಸ್ಕ್ರೂ ಡ್ರೈವರ್ ಟೆಸ್ಟರನ್ನು ಇಲ್ಲಿ ನಂಬಬೇಡಿ. ಎರಡು ಮೊನೆಯ ವೋಲ್ಟೇಜ್ ಟೆಸ್ಟರ್ ತೆಗೆದುಕೊಳ್ಳಿ. ಕರೆಂಟು ಇರುವ ಕಡೆ ಹಚ್ಚಿ ಟೆಸ್ಟರ್ ಸರಿ ಇದೆಯೇ ನೋಡಿ, ಆಮೇಲೆ ಸ್ವಿಚ್ಚಿನ ತಂತಿಗಳನ್ನು ನೋಡಿ, ಮತ್ತೆ ಕರೆಂಟಿರುವ ಕಡೆ ಹಚ್ಚಿ ಟೆಸ್ಟರ್ ಮಧ್ಯದಲ್ಲಿ ಕೈಕೊಟ್ಟಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ದೀಪ ಆರಿದ ಮೇಲೂ ತಿರುಗುತ್ತಲೇ ಇರುವ ಟೈಮರ್ ಫ್ಯಾನ್ ಇದ್ದರೆ ಅದಕ್ಕೆ ಸದಾ ಕರೆಂಟಿರುವ ಇನ್ನೊಂದು ತಂತಿ ಹೋಗಿರುತ್ತದೆ. ಕಣ್ಣಿಗೆ ಕಂಡ ಪ್ರತಿ ತಂತಿಯನ್ನೂ ಪರೀಕ್ಷಿಸಿ.

ತಂತಿಯ ಬಣ್ಣದ ವಿಷಯದಲ್ಲಿ ನಮ್ಮವರು ವಿಶೇಷ ಎಚ್ಚರ ವಹಿಸಬೇಕು. ಊರಿನ ತ್ರೀ ಫೇಸ್ ವೈರಿಂಗಿನಲ್ಲಿ ನೀಲಿ ಅಂದರೆ ಒಂದು ಫೇಸ್. ಇಲ್ಲಿ 2004ರಿಂದ ಬಂದ ಹೊಸ ಪದ್ಧತಿಯಲ್ಲಿ ಕಂದು ಲೈವ್, ನೀಲಿ ನ್ಯೂಟ್ರಲ್. ಅದಕ್ಕೂ ಹಿಂದಿನದು ಕೆಂಪು ಲೈವ್, ಕಪ್ಪು ನ್ಯೂಟ್ರಲ್. ಇದಿಷ್ಟೇ ತಿಳಿದರೆ ಸಾಲದು, ಸ್ವಿಚ್ಚಿಗೆ ಇಳಿದ ಎರಡು ತಂತಿಯ ಕೇಬಲ್ಲಿನಲ್ಲಿ ಕಪ್ಪೋ ನೀಲಿಯೋ ಇದ್ದರೂ ಅದು ನ್ಯೂಟ್ರಲ್ ಅಲ್ಲ. ಸ್ವಿಚ್ಚಿನಿಂದ ದೀಪಕ್ಕೆ ಮರಳುವ ಲೈವ್ ಅದು. ಅದಕ್ಕೆ ಕಂದು ಅಥವಾ ಕೆಂಪು ಕೊಳವೆ ತೊಡಿಸಿರಬೇಕು. ನಮ್ಮಲ್ಲಿ ಇರಲಿಲ್ಲ, ನಾನು ಕಂದು ಕೊಳವೆ ತೊಡಿಸಿದೆ. ಬೋಳು ತಾಮ್ರದ ಅರ್ತ್ ತಂತಿಗೂ ಹಸಿರು-ಹಳದಿ ಕೊಳವೆ ಹಾಕಿ ಅದರ ಟರ್ಮಿನಲ್ಲಿಗೆ ಸೇರಿಸಿದೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟರೆ ಇವೆಲ್ಲ ಸುಲಭ. ಕೆಲವು ಮನೆಗಳಲ್ಲಿ ಸ್ವಿಚ್ಚಿನ ಡಬ್ಬಿಯೊಳಗೇ ನ್ಯೂಟ್ರಲ್ ತಂತಿಗಳನ್ನು ಬೇರೆ ಕನೆಕ್ಟರಿನಲ್ಲಿ ಜೋಡಿಸಿರುತ್ತಾರೆ. ಅವನ್ನು ಇದ್ದ ಹಾಗೇ ಬಿಡಿ.

ನಾನು ಹೆಚ್ಚು ಹೊತ್ತು ಕೊಟ್ಟಿದ್ದು ಬೇಸನ್ನು ಗಟ್ಟಿ ಮಾಡುವುದಕ್ಕೆ. ನಮ್ಮ ಬಾತ್‌ರೂಮು ಮೇಲಂತಸ್ತಿನಲ್ಲಿದೆ, ಅದರ ಮೇಲೆ ಅಟ್ಟ. ಅಟ್ಟ ಹತ್ತಿ, ತೊಲೆಗಳ ಮೇಲೆ ಹಲಗೆ ಹಾಸಿ ಕೂತು, ಹತ್ತಿಯಂಥ ಇನ್ಸುಲೇಷನ್ ಸರಿಸಿದೆ. ಪ್ಲಾಸ್ಟರ್‌ಬೋರ್ಡ್ ಮೇಲೆ ಕಾಲಿಟ್ಟರೆ ಸೀಲಿಂಗ್ ಒಡೆದು ಕೆಳಗೆ ಬೀಳುತ್ತೀರಿ. ಸ್ವಿಚ್ಚು ಎರಡು ತೊಲೆಗಳ ನಡುವಿನ ಖಾಲಿ ಜಾಗದಲ್ಲಿತ್ತು. ಕೇಬಲ್ಲಿಗೆ ತೂತು ಕೊರೆದ ಒಂದು ಮರದ ತುಂಡನ್ನು ಆ ಜಾಗಕ್ಕೆ ಅಡ್ಡ ಕೂರಿಸಿ ಎರಡೂ ಬದಿಯ ತೊಲೆಗಳಿಗೆ ಸ್ಕ್ರೂ ಹಾಕಿದೆ. ಕೆಳಗಿನಿಂದ ಹಳೆಯ ತೂತುಗಳ ಮೂಲಕವೇ ಉದ್ದ ಸ್ಕ್ರೂ ಬಿಗಿದಾಗ ಅದು ಮರವನ್ನು ಕಚ್ಚಿಕೊಂಡಿತು. ಅಟ್ಟಕ್ಕೆ ದಾರಿ ಇಲ್ಲದವರು ಪ್ಲಾಸ್ಟರ್‌ಬೋರ್ಡಿಗೆಂದೇ ಮಾಡಿದ, ಹಿಂದೆ ರೆಕ್ಕೆ ಬಿಚ್ಚಿಕೊಳ್ಳುವ ಫಿಕ್ಸಿಂಗ್ ಬಳಸಬಹುದು. ಬರೀ ಪ್ಲಾಸ್ಟಿಕ್ ಪ್ಲಗ್ಗು ಗಟ್ಟಿ ನಿಲ್ಲುವುದಿಲ್ಲ.

ಹಳೆಯ ತೂತನ್ನೇ ಬಳಸಿ ಎನ್ನುವುದಕ್ಕೆ ಒಂದು ಕಾರಣ ಇದೆ. 2000ಕ್ಕೆ ಮುಂಚಿನ ಮನೆಗಳ ಸೀಲಿಂಗಿನಲ್ಲಿ ಅಲೆ ಅಲೆಯಾದ ಲೇಪನ ಇದ್ದರೆ ಅದರಲ್ಲಿ ಕಲ್ನಾರು (ಆಸ್ಬೆಸ್ಟಸ್) ಇರಬಹುದು. ಬ್ರಿಟನ್ನಿನಲ್ಲಿ ಬಿಳಿ ಕಲ್ನಾರು ನಿಷೇಧವಾಗಿದ್ದು 1999ರಲ್ಲಿ. ಅಂಥ ಸೀಲಿಂಗನ್ನು ಪರೀಕ್ಷೆ ಮಾಡಿಸದೆ ಕೊರೆಯಬಾರದು, ಕೆರೆಯಬಾರದು.

ತಂತಿ ಸೇರಿಸುವಾಗ ತಾಮ್ರದ ತುದಿಯನ್ನು ಮಡಚಿ ಟರ್ಮಿನಲ್ಲಿಗೆ ತೂರಿಸಿದೆ, ಹಿಡಿತ ಚೆನ್ನಾಗಿ ಬರುತ್ತದೆ. ಸ್ಕ್ರೂ ಬಿಗಿದು ಪ್ರತಿ ತಂತಿಯನ್ನೂ ಒಮ್ಮೆ ಎಳೆದು ನೋಡಿದೆ. ಬರಿ ತಾಮ್ರ ಟರ್ಮಿನಲ್ಲಿನ ಹೊರಗೆ ಕಾಣಬಾರದು.

ಕೊನೆಗೆ ದಾರದ ಉದ್ದ. ಅಂಗಡಿಯಿಂದ ಬಂದ ಅಳತೆಯೇ ಸರಿ ಅಂದುಕೊಳ್ಳಬೇಡಿ. ಭುಜ ನೋವಿರುವ ಅಮ್ಮ ಊರಿಂದ ಬಂದು ಇಲ್ಲಿ ತಿಂಗಳುಗಟ್ಟಲೆ ಇರುತ್ತಾರೆ, ಕೈ ಮೇಲೆತ್ತುವುದು ಅವರಿಗೆ ಕಷ್ಟ. ಅವರ ಸೊಂಟದ ಎತ್ತರಕ್ಕೆ ಹಿಡಿ ಬರುವ ಹಾಗೆ ಕತ್ತರಿಸಿದೆ. ದಾರ ಬಿಳಿಯೇ ಇರಲಿ, ಕೆಂಪು ಬೇಡ. ಅಂಗವಿಕಲರ ಶೌಚಾಲಯಗಳಲ್ಲಿ ನೆಲದ ಹತ್ತಿರದವರೆಗೂ ಇಳಿಯುವ ಕೆಂಪು ದಾರ ಸಹಾಯ ಕೇಳುವ ಗಂಟೆಯದ್ದು, ಆ ಬಣ್ಣ ಅದಕ್ಕೇ ಮೀಸಲಾಗಿರಬೇಕು. ಹಿಡಿಯನ್ನು ಆದಷ್ಟು ಸ್ವಿಚ್ಚಿನ ನೇರ ಕೆಳಗೇ ಎಳೆಯಲು ಮನೆಯವರಿಗೆಲ್ಲ ಹೇಳಿದ್ದೇನೆ. ಒದ್ದೆ ಕೈ ತಾಗಿ ದಾರದ ಕೆಳತುದಿ ಬೇಗ ಕಂದಾಗುತ್ತದೆ. ಆಗ ಜೋಡಣೆಯಿಂದ ಕೆಳಗಿನ ತುಂಡನ್ನಷ್ಟೇ ಬಿಚ್ಚಿ ಹೊಸದನ್ನು ಕಟ್ಟಿದರಾಯಿತು. ಅದಕ್ಕೆಂದು ಒಂದಿಷ್ಟು ದಾರವನ್ನು ಟೂಲ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದೇನೆ.