ವಲೆಟ್ಟಾದಲ್ಲಿ ಏಳು ರಾತ್ರಿ, ಒಂದೇ ಕಿಟಕಿ: ನನ್ನ ಅನುಭವ

"ಫೆಬ್ರವರಿಯಲ್ಲಿ ಮಾಲ್ಟಾನಾ? ಅದೂ ಏಳು ದಿನ ಒಂದೇ ಊರಲ್ಲಾ?" ಅಂತ ನಮ್ಮ ಭಾವ ಕೇಳಿದ್ದರು. ಏಜೆನ್ಸಿಯವರು ಕೊಟ್ಟ ಪ್ಲಾನಿನಲ್ಲಿ ಎಂಟು ದಿನಕ್ಕೆ ರೋಮ್, ಅಥೆನ್ಸ್, ಯುರೋಪಿನ ದ್ವೀಪದೇಶ ಮಾಲ್ಟಾದ ರಾಜಧಾನಿ ವಲೆಟ್ಟಾ ಮೂರೂ ಇದ್ದವು. ನಾಲ್ಕು ಜನಕ್ಕೆ ಹತ್ತಿರ ಹತ್ತಿರ 19 ಲಕ್ಷ. ನಾನು ಬೇಡ ಅಂದೆ. 2025ರ ಫೆಬ್ರವರಿ 4ಕ್ಕೆ ವಲೆಟ್ಟಾದಲ್ಲಿ ಇಳಿದೆವು, 11ಕ್ಕೆ ಹೊರಟೆವು. ಅಪ್ಪ, ಅಮ್ಮ, ನಾನು, ನನ್ನ ಹೆಂಡತಿ. ಬಂದರು ಕಾಣುವ ದೊಡ್ಡ ಕೋಣೆ, ಅಪ್ಪ ಅಮ್ಮನಿಗೆ ಬಿಸಿನೆಸ್ ಕ್ಲಾಸ್, ನಮಗಾಗಿಯೇ ಒಬ್ಬ ಗೈಡ್, ಎಲ್ಲಾ ಸೇರಿ 11 ಲಕ್ಷಕ್ಕೆ ಸ್ವಲ್ಪ ಕಡಿಮೆಯೇ ಆಯಿತು. ಹೇಗೆ ಮಾಡಿದೆ ಅಂತ ಈಗ ತುಂಬಾ ಜನ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ವೀಸಾ, ವಿಮೆ ವಿಷಯ ನಿಮಗೆಲ್ಲ ಗೊತ್ತೇ ಇದೆ, ಬಿಡುತ್ತೇನೆ.

ಇದು ನನ್ನ ಮೂರನೇ ಸಲ. ಮೊದಲ ಎರಡು ಸಲ ದುಡ್ಡು ಹೋಯಿತು, ಊರು ಸಿಗಲಿಲ್ಲ.

ಮೊದಲ ಸಲ 2017ರ ಆಗಸ್ಟ್. ಪ್ಯಾಕೇಜ್ ತೆಗೆದುಕೊಂಡಿದ್ದೆ. "ವಲೆಟ್ಟಾ ಫೈವ್ ಸ್ಟಾರ್" ಅಂತ ಹೇಳಿ ಕೊಟ್ಟ ಹೋಟೆಲ್ ಇದ್ದದ್ದು ಸೇಂಟ್ ಜೂಲಿಯನ್ಸ್‌ನಲ್ಲಿ. ಬಸ್ಸಿನಲ್ಲಿ ಮುಕ್ಕಾಲು ಗಂಟೆ. ನಾವು ಊರೊಳಗೆ ಕಾಲಿಡುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತಿತ್ತು. ಅದೇ ಹೊತ್ತಿಗೆ ಕ್ರೂಸ್ ಹಡಗಿನ ಜನ ಪೂರಾ ರಿಪಬ್ಲಿಕ್ ಸ್ಟ್ರೀಟ್‌ನಲ್ಲಿ ತುಂಬಿರುತ್ತಿದ್ದರು. ಕ್ಯಾಥೆಡ್ರಲ್ ಕ್ಯೂ ನೋಡಿಯೇ ವಾಪಸ್ ಬಂದೆವು. ಮೂರು ದಿನಕ್ಕೆ ಇಬ್ಬರಿಗೆ ಸುಮಾರು ಒಂದೂಕಾಲು ಲಕ್ಷ, ಫ್ಲೈಟ್ ಬಿಟ್ಟು.

ಎರಡನೇ ಸಲ 2022ರ ನವೆಂಬರ್. ಈ ಸಲ ಜಾಣನಾಗಿದ್ದೇನೆ ಅಂದುಕೊಂಡು ಊರೊಳಗೇ ಒಂದು ಹಳೇ ಪಲಾಝೋದ, ಅಂದರೆ ಹಿಂದಿನ ಶ್ರೀಮಂತರ ದೊಡ್ಡ ಮನೆಯ, ಮಹಡಿ ಬುಕ್ ಮಾಡಿದೆ. ಫೋಟೋದಲ್ಲಿ ಅರಮನೆ. ರಾತ್ರಿಗೆ 140 ಯೂರೋ ಅಂತ ನೆನಪು. ಹೋದರೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಅಲ್ಲಿಯ ಮನೆಗಳೆಲ್ಲ ಸುಣ್ಣದ ಕಲ್ಲಿನವು. ಬಣ್ಣ ಜೇನಿನ ಹಾಗೆ, ನೋಡೋಕೆ ಚೆಂದ. ಆದರೆ ಆ ಕಲ್ಲು ತೇವ ಹೀರುತ್ತದೆ. ಗೋಡೆಗೆ ಒರಗಿದರೆ ಬೆನ್ನಿಗೆ ಹಳದಿ ಪುಡಿ. ರಾತ್ರಿ ಹೊದ್ದ ರಗ್ಗು ಬೆಳಿಗ್ಗೆ ಹಸಿ ಹಸಿ. ಹೀಟರ್ ಹಾಕಿದರೆ ಗಾಳಿ ಬಿಸಿ, ಹಾಸಿಗೆ ತಣ್ಣಗೆ. ಅಮ್ಮನ ಮಂಡಿ ಎರಡೇ ದಿನಕ್ಕೆ ಊದಿತು. ಉಳಿದ ದಿನ ಅವರು ಕೋಣೆ ಬಿಟ್ಟು ಇಳಿಯಲೇ ಇಲ್ಲ. ಆ ಸಲ ನನಗೆ ನಿಜವಾಗಿ ಬೇಜಾರಾಯಿತು.

ಆದರೆ ಕಲಿತದ್ದೂ ಅಲ್ಲೇ. ವಲೆಟ್ಟಾ ಎಷ್ಟು ಚಿಕ್ಕ ಊರು ಅಂದರೆ, ಒಂದು ಚದರ ಕಿಲೋಮೀಟರ್ ಕೂಡ ಇಲ್ಲ. ಸಿಟಿ ಗೇಟ್‌ನಿಂದ ಸೇಂಟ್ ಎಲ್ಮೋ ಕೋಟೆಗೆ ನಡೆದರೆ ಒಂದು ಕಿಲೋಮೀಟರ್ ಅಷ್ಟೇ. ಊರು ಕೂತಿರುವುದು ಒಂದು ಗುಡ್ಡದ ಬೆನ್ನಿನ ಮೇಲೆ. ರಿಪಬ್ಲಿಕ್ ಸ್ಟ್ರೀಟ್, ಮರ್ಚಂಟ್ಸ್ ಸ್ಟ್ರೀಟ್ ಎರಡೂ ಆ ಬೆನ್ನಿನ ಉದ್ದಕ್ಕೆ ಹೋಗುತ್ತವೆ. ಅಡ್ಡ ಬೀದಿಗಳೆಲ್ಲ ಎರಡೂ ಕಡೆ ನೀರಿಗೆ ಇಳಿಯುತ್ತವೆ, ಬಹಳ ಕಡೆ ಮೆಟ್ಟಿಲೇ. 1566ರಲ್ಲಿ ಅಡಿಗಲ್ಲು ಹಾಕಿದಾಗ ಲಪಾರೆಲ್ಲಿ ಎಂಬ ಇಟಲಿಯ ಎಂಜಿನಿಯರ್ ಗೆರೆ ಹೊಡೆದ ಹಾಗೆ ನೇರ ಬೀದಿ ಹಾಕಿದ್ದ. ನಕ್ಷೆಯಲ್ಲಿ ಎಲ್ಲಾ ಬೀದಿಯೂ ಒಂದೇ ಥರ ಕಾಣುತ್ತದೆ. ಮಂಡಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ಹಾಗಾಗಿ ಮೂರನೇ ಸಲ ನಾನು ಸ್ಟಾರ್ ನೋಡಲೇ ಇಲ್ಲ. ಮೂರೇ ವಿಷಯ ನೋಡಿದೆ. ಬಾಗಿಲು ಗುಡ್ಡದ ಬೆನ್ನಿನ ಮೇಲಿರಬೇಕು. ಒಳಗೆ ಲಿಫ್ಟ್ ಇರಬೇಕು. ಮೇಲಿನ ಮಹಡಿಯಿಂದ ಗ್ರ್ಯಾಂಡ್ ಹಾರ್ಬರ್ ಕಾಣಬೇಕು. ಸಿಟಿ ಗೇಟ್ ಹೊರಗಿರುವ, 1947ರಲ್ಲಿ ಶುರುವಾದ ಫಿನೀಷಿಯಾ ಹೋಟೆಲ್ಲೂ ನನ್ನ ಪಟ್ಟಿಯಲ್ಲಿತ್ತು. ಕಾರು ಬಾಗಿಲಿಗೇ ಬರುತ್ತದೆ, ವಯಸ್ಸಾದವರಿಗೆ ಅದೂ ಒಳ್ಳೆಯ ಆಯ್ಕೆ. ಆದರೆ ನನಗೆ ಊರಿನ ಕೋಟೆ ಗೋಡೆಯ ಒಳಗೇ ಮಲಗಬೇಕಿತ್ತು.

ಕೊನೆಗೆ ಸಿಕ್ಕಿದ್ದು ಹಳೇ ಮನೆಯೊಂದನ್ನು ಹೋಟೆಲ್ ಮಾಡಿದ ಜಾಗ. ಹೆಸರು ಹೇಳಲ್ಲ, ಇರೋದೇ ಹತ್ತಿಪ್ಪತ್ತು ಕೋಣೆ. ಬುಕಿಂಗ್ ಸೈಟಿನಲ್ಲಿ ಆ ದೊಡ್ಡ ಕೋಣೆಗೆ ರಾತ್ರಿಗೆ 430 ಯೂರೋ ತೋರಿಸುತ್ತಿತ್ತು. ಬೇಸಿಗೆಯಲ್ಲಿ ಅದೇ ಕೋಣೆ 800ರ ಮೇಲೆ. ನಾನು ನೇರ ಹೋಟೆಲ್‌ಗೇ ಮೇಲ್ ಬರೆದೆ. ಏಳು ರಾತ್ರಿ, ಎರಡು ಕೋಣೆ, ಬೇಕಿದ್ದರೆ ಪೂರ್ತಿ ದುಡ್ಡು ಮೊದಲೇ ಕೊಡುತ್ತೇನೆ ಅಂದೆ. ಇದರ ಜೊತೆ ಇನ್ನೆರಡು ಸಾಲು ಬರೆದಿದ್ದೆ. ಆ ಎರಡು ಸಾಲು ನನ್ನ ಹತ್ತಿರವೇ ಇರಲಿ. ಉತ್ತರ ಎರಡು ದಿನದಲ್ಲಿ ಬಂತು. ದೊಡ್ಡದು 310, ನಮ್ಮದು 190, ತಿಂಡಿ ಸೇರಿ. ಕೋಣೆಗೆ ತೇವ ಹೀರುವ ಮಷೀನ್ ಇಡುತ್ತೀರಾ ಅಂತ ಕೇಳಿದ್ದೆ, ನಾವು ಹೋಗುವ ಹಿಂದಿನ ದಿನದಿಂದಲೇ ಓಡಿಸಿಟ್ಟಿದ್ದರು. ಚಳಿಗಾಲದಲ್ಲಿ ಹೋಗುವವರು ಈ ಒಂದು ಪ್ರಶ್ನೆ ಮರೀಬೇಡಿ. ಹೊರಗೆ ಹಗಲಲ್ಲಿ 12ರಿಂದ 16 ಡಿಗ್ರಿ, ಏನೂ ಕಷ್ಟ ಇಲ್ಲ. ಕಷ್ಟ ಕೊಡೋದು ಕಲ್ಲಿನೊಳಗಿನ ಥಂಡಿ.

ಈಗ ಅಪ್ಪನ ವಿಷಯ. ಅವರು ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಿಂದ ರಿಟೈರ್ ಆದವರು. ಕೈಯಲ್ಲಿ ಇವತ್ತಿಗೂ ಕೀಲಿ ಕೊಡುವ ಜನತಾ. ಎರಡನೇ ದಿನ ಮಧ್ಯಾಹ್ನ ಕಿಟಕಿ ಹತ್ತಿರ ಕೂತಿದ್ದರು. ಡಂ ಅಂತ ಸದ್ದು, ಕಿಟಕಿ ಗಾಜು ಒಮ್ಮೆ ನಡುಗಿತು. ಅಪ್ಪರ್ ಬರಾಕಾ ತೋಟದ ಕೆಳಗಿನ ಫಿರಂಗಿ ಸಾಲಿನಿಂದ ಬಿಳಿ ಹೊಗೆ ಎದ್ದು ನೀರಿನ ಮೇಲೆ ನಿಧಾನ ಹರಡಿತು. ಅಲ್ಲಿ ದಿನಾ 12ಕ್ಕೆ ಒಂದು, ಸಂಜೆ 4ಕ್ಕೆ ಒಂದು ಗುಂಡು. ಹಿಂದೆ ಬಂದರಿನಲ್ಲಿದ್ದ ಹಡಗಿನವರು ಮಧ್ಯಾಹ್ನದ ಗುಂಡು ಕೇಳಿ ತಮ್ಮ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ. ಅಪ್ಪ ಏನೂ ಮಾತಾಡಲಿಲ್ಲ. ವಾಚ್ ನೋಡಿದರು, ಫೋನ್ ನೋಡಿದರು. ಉಗುರಿನಿಂದ ಕೀಲಿ ಎಳೆದು, ಮುಳ್ಳು ಒಂದು ಚೂರು ಹಿಂದೆ ಸರಿಸಿ, ಒತ್ತಿದರು. ಆಮೇಲೆ ದಿನಾ 12 ಗಂಟೆಗೆ ಅವರು ಕಿಟಕಿ ಹತ್ತಿರ ಇರಲೇಬೇಕು. ನಮ್ಮ ಪ್ಲಾನ್ ಪೂರ್ತಿ ಆ ಗುಂಡಿನ ಸುತ್ತ ತಿರುಗಿತು.

ಅದನ್ನು ನೋಡಿ ನಾನು ಬೇರೇನೋ ಒಂದು ಪ್ರಯತ್ನ ಮಾಡಿದೆ. ಗೈಡ್‌ಗೆ ಅರ್ಧ ದಿನಕ್ಕೆ ಸುಮಾರು 150 ಯೂರೋ ಕೊಟ್ಟಿದ್ದೆ. "ಮಾಮೂಲಿ ಜಾಗ ಬೇಡ, ಗಡಿಯಾರ ತೋರಿಸಿ" ಅಂದೆ. ಆಕೆಗೆ ಭಾರಿ ಖುಷಿ. ಕ್ಯಾಥೆಡ್ರಲ್ ಮುಂದಿನ ಗೋಪುರದಲ್ಲಿ ಮೂರು ಮುಖದ ಗಡಿಯಾರ ಇದೆ. ಒಂದು ಮುಖ ಹೊತ್ತು ತೋರಿಸುತ್ತದೆ, ಇನ್ನೊಂದು ವಾರದ ದಿನ, ಮತ್ತೊಂದು ತಾರೀಕು. ಹಿಂದೆ ಮಾಲ್ಟಾ ಆಳಿದ ನೈಟ್‌ಗಳ (ಕ್ರೈಸ್ತ ಯೋಧರ) ಮುಖ್ಯಸ್ಥ ಗ್ರ್ಯಾಂಡ್‌ಮಾಸ್ಟರ್‌ನ ಅರಮನೆಯ ಅಂಗಳದಲ್ಲಿ 1745ರ ಇನ್ನೊಂದಿದೆ. ಅದರಲ್ಲಿ ತಿಂಗಳು, ಚಂದ್ರನ ಕಲೆ ಕೂಡ ಇದೆ. ಗಂಟೆ ಹೊಡೆಯೋಕೆ ಮೇಲೆ ಗೊಂಬೆಗಳು. ಅಪ್ಪ ಅಲ್ಲೇ ಬೆಂಚಿನ ಮೇಲೆ ಕೂತು ಗಂಟೆ ಆಗುವವರೆಗೆ ಏಳಲೇ ಇಲ್ಲ. ಮೂರು ಊರು ಸುತ್ತುವ ಪ್ಯಾಕೇಜಿನಲ್ಲಿ ಆ ನಲವತ್ತು ನಿಮಿಷ ಯಾರು ಕೊಡುತ್ತಾರೆ? ನಾನು ಲಕ್ಸುರಿ ಅನ್ನೋದು ಇದನ್ನೇ.

ಸೇಂಟ್ ಜಾನ್ಸ್ ಕ್ಯಾಥೆಡ್ರಲ್‌ಗೆ ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಹೋದೆವು. ಟಿಕೆಟ್ ತಲಾ 15 ಯೂರೋ ಇತ್ತು ಅನ್ನಿಸುತ್ತದೆ. ಭಾನುವಾರ ಪ್ರವಾಸಿಗರಿಗೆ ಒಳಗೆ ಬಿಡುವುದಿಲ್ಲ, ನೆನಪಿರಲಿ. ಚೂಪು ಹಿಮ್ಮಡಿಯ ಚಪ್ಪಲಿಯೂ ನಡೆಯಲ್ಲ, ಯಾಕಂದರೆ ನೆಲ ಪೂರ್ತಿ ನೈಟ್‌ಗಳ ಸಮಾಧಿಯ ಅಮೃತಶಿಲೆ, ನಾನೂರರ ಹತ್ತಿರ. ಎಲ್ಲರೂ ಮೊದಲು ತಲೆ ಎತ್ತಿ ಚಿನ್ನದ ಛಾವಣಿ ನೋಡುತ್ತಾ ನಿಲ್ಲುತ್ತಾರೆ. ನೀವು ನಿಲ್ಲಬೇಡಿ, ನೇರ ಪಕ್ಕದ ಓರೆಟರಿಗೆ, ಅಂದರೆ ಪ್ರಾರ್ಥನೆಯ ಕೋಣೆಗೆ ಹೋಗಿ. ಅಲ್ಲಿ ಇಟಲಿಯ ಚಿತ್ರಕಾರ ಕಾರವಾಜ್ಜೋನ 1608ರ ಚಿತ್ರ ಇದೆ, ಸಂತ ಜಾನ್‌ನ ಶಿರಚ್ಛೇದ. ಅಗಲವೇ ಐದು ಮೀಟರ್ ದಾಟುತ್ತದೆ. ಅವನು ಸಹಿ ಹಾಕಿದ ಒಂದೇ ಚಿತ್ರ ಇದು. ಸಹಿ ಇರುವುದು ಕತ್ತಿನಿಂದ ಹರಿದ ರಕ್ತದಲ್ಲಿ. ರೋಮ್‌ನಲ್ಲಿ ಕೊಲೆ ಮಾಡಿ ಓಡಿಬಂದವನು ಇಲ್ಲಿ ನೈಟ್ ಆದ. ಮತ್ತೆ ಜಗಳ, ಜೈಲು. ಬಂದರಿನ ಆಚೆ ದಡದ ಸೇಂಟ್ ಆಂಜೆಲೋ ಕೋಟೆಯಿಂದ ಪರಾರಿ. ಕೊನೆಗೆ ಅವನ ನೈಟ್ ಪದವಿ ಕಿತ್ತುಕೊಂಡದ್ದು ಇದೇ ಕೋಣೆಯಲ್ಲಿ, ಇದೇ ಚಿತ್ರದ ಎದುರು. ಹನ್ನೆರಡು ನಿಮಿಷ ಆ ಕೋಣೆಯಲ್ಲಿ ನಾವು ನಾಲ್ಕೇ ಜನ ಇದ್ದೆವು. ಅಮ್ಮ ಹಗ್ಗ ಹಿಡಿದು ಹತ್ತಿರ ಬಾಗಿ ಸಹಿ ಹುಡುಕಿದರು.

ಹೈಪೋಜಿಯಂ ಟಿಕೆಟ್ ಮಾತ್ರ ಮೂರು ತಿಂಗಳು ಮೊದಲೇ ತೆಗೆಯಿರಿ. ಸಾವಿರಾರು ವರ್ಷ ಹಳೆಯ, ನೆಲದಡಿ ಕೊರೆದ ಸಮಾಧಿ, ಪಾವೊಲಾ ಊರಲ್ಲಿದೆ. ಒಂದು ಸಲಕ್ಕೆ ಹತ್ತೇ ಜನ, ದಿನಕ್ಕೆ ಎಂಬತ್ತು. 2022ರಲ್ಲಿ ಹೋಗಿ ನೋಡೋಣ ಅಂತ ಬಿಟ್ಟು ಕೈತಪ್ಪಿತ್ತು.

ಊಟದ ವಿಷಯದಲ್ಲಿ ನನಗೆ ಭಯ ಇತ್ತು, ಅಪ್ಪ ಅಮ್ಮ ಇಬ್ಬರೂ ಶುದ್ಧ ಸಸ್ಯಾಹಾರಿಗಳು. ಬೀದಿಯಲ್ಲಿ ಸಿಗುವ ಪಸ್ತಿಜ್ಜಿ ಅನ್ನೋ ಪಫ್ಸ್‌ನಂಥ ತಿಂಡಿಯಲ್ಲಿ ಬಟಾಣಿ ತುಂಬಿದ್ದು ಸಿಗುತ್ತದೆ. ಆದರೆ ಹಿಟ್ಟಿಗೆ ಯಾವ ಕೊಬ್ಬು ಹಾಕಿದ್ದಾರೆ ಅಂತ ಪ್ರತಿ ಅಂಗಡಿಯಲ್ಲೂ ಕೇಳಲೇಬೇಕು. ಬಿಗಿಲ್ಲಾ ಅಂತ ಒಣ ಬೀನ್ಸ್ ಕಾಳಿನ ಗಟ್ಟಿ ಚಟ್ನಿ ಇದೆ, ಬೆಳ್ಳುಳ್ಳಿ ಜಾಸ್ತಿ, ಅಪ್ಪನಿಗೆ ಹಿಡಿಸಿತು. ಮೂರನೇ ದಿನ ಅಮ್ಮನ ಪ್ರಯೋಗ ಶುರು. ಮಾಲ್ಟಾದವರು ಟೊಮೆಟೊ ಬತ್ತಿಸಿ ಕುನ್ಸರ್ವಾ ಅಂತ ಗಟ್ಟಿ ಪೇಸ್ಟ್ ಮಾಡುತ್ತಾರೆ. ಒಂದು ಚಮಚ ಕುನ್ಸರ್ವಾ, ಬಿಸಿ ನೀರು, ಮನೆಯಿಂದ ತಂದ ಸಾರಿನ ಪುಡಿ. ಹೋಟೆಲ್ ಅಡುಗೆಯವನು ಬರೀ ಅನ್ನ ಮಾಡಿ ಕೊಟ್ಟ, ಸಾರಿನ ರುಚಿಯನ್ನೂ ನೋಡಿದ. ಐದನೇ ದಿನ ಸಾಸಿವೆ ಒಗ್ಗರಣೆಯನ್ನು ಅವನೇ ಹಾಕಿದ! ಮಿಶೆಲಿನ್ ಸ್ಟಾರ್ ಊಟಕ್ಕೆ ತೆಗೆದಿಟ್ಟ 400 ಯೂರೋ ಹಾಗೇ ಉಳಿಯಿತು. ಅದರಲ್ಲಿ ಎರಡು ಸಂಜೆ ನಮಗಷ್ಟೇ ದೈಸಾ ದೋಣಿ ಮಾಡಿಕೊಂಡೆವು. ಬರಾಕಾ ಲಿಫ್ಟಿನಲ್ಲಿ ಕೆಳಗಿಳಿದರೆ ದಡ. 58 ಮೀಟರ್ ಎತ್ತರ, ವಾಪಸ್ ಹತ್ತೋಕೆ ಆಗ 1 ಯೂರೋ ಇತ್ತು. ನೀರಿನ ಮಟ್ಟದಿಂದ ತಲೆ ಎತ್ತಿ ಆ ಗೋಡೆಗಳನ್ನು ನೋಡಬೇಕು. ಸಂಜೆ ಬಿಸಿಲು ಬಿದ್ದಾಗ ಇಡೀ ಊರು ಒಳಗಿನಿಂದ ದೀಪ ಹಚ್ಚಿದ ಹಾಗೆ ಇರುತ್ತದೆ.

ಫೆಬ್ರವರಿ 10 ನಾನು ಬೇಕಂತಲೇ ಇಟ್ಟುಕೊಂಡ ದಿನ. ಸಂತ ಪೌಲನ ಹಡಗು ಮಾಲ್ಟಾ ತೀರದಲ್ಲಿ ಒಡೆದದ್ದರ ನೆನಪಿನ ಹಬ್ಬ. ಅವತ್ತು ಮೆಲ್ಕಿಯೊರೆ ಕಫಾ ಎಂಬ ಶಿಲ್ಪಿ ಕೆತ್ತಿದ ಮರದ ಮೂರ್ತಿಯನ್ನು ಹೆಗಲ ಮೇಲೆ ಹೊತ್ತು ಬೀದಿಗೆ ತರುತ್ತಾರೆ. ಬ್ಯಾಂಡು, ಗಂಟೆ, ಪಟಾಕಿ. ಬಣ್ಣದ ಮರದ ಬಾಲ್ಕನಿಗಳಿಂದ ಚೀಲಗಟ್ಟಲೆ ಕಾಗದದ ಚೂರು ಸುರಿಯುತ್ತಾರೆ. ಪಾದ ಮುಳುಗುವಷ್ಟು. "ಇದು ತೇರೇ ಅಲ್ವಾ, ಬಾಳೆಹಣ್ಣು ಎಸೆಯಲ್ಲ ಅಷ್ಟೇ" ಅಂದರು ಅಮ್ಮ. ಯಾವ ಮೂಲೆಯಲ್ಲಿ ನಿಂತರೆ ನೂಕುನುಗ್ಗಲಿಲ್ಲದೆ ಮೂರ್ತಿ ಕೈಗೆಟುಕುವಷ್ಟು ಹತ್ತಿರ ಹೋಗುತ್ತದೆ ಅನ್ನೋದು ಗೈಡ್ ನನಗೆ ಹೇಳಿದ ಗುಟ್ಟು, ಇಲ್ಲಿ ಬರೆಯಲ್ಲ.

ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಬೆಂಗಳೂರಿನಿಂದ ದುಬೈ ಮೇಲೆ ಹೋದೆವು, ನಡುವೆ ಲಾರ್ನಕಾದಲ್ಲಿ ಒಂದು ನಿಲುಗಡೆ. ಅಪ್ಪ ಅಮ್ಮನ ಬಿಸಿನೆಸ್ ಕ್ಲಾಸ್ 4.7 ಲಕ್ಷ, ನಮ್ಮಿಬ್ಬರ ಎಕಾನಮಿ 1.2 ಲಕ್ಷ. ಹೋಟೆಲ್ 3,500 ಯೂರೋ, ಆಗಿನ ರೇಟಿನಲ್ಲಿ 3.2 ಲಕ್ಷ. ವೀಸಾ ಫೀ ತಲಾ 90 ಯೂರೋ, ಸರ್ವಿಸ್ ಚಾರ್ಜ್, ವಿಮೆ ಸೇರಿ ಅರ್ಧ ಲಕ್ಷ. ಊಟ, ಗೈಡ್, ದೋಣಿ, ಟ್ಯಾಕ್ಸಿ, ಅಮ್ಮ ಕೊಂಡ ಬೆಳ್ಳಿಯ ಎಳೆ ಕೆಲಸದ ಓಲೆ, ಎಲ್ಲಾ 1.2 ಲಕ್ಷ. ಉಳಿಸಬಹುದಿತ್ತು ಅನ್ನಿಸಿದ್ದು ಒಂದೇ, ಏರ್‌ಪೋರ್ಟಿಗೆ ಮಾಡಿದ ದೊಡ್ಡ ಕಾರು. ಬರೀ ಇಪ್ಪತ್ತು ನಿಮಿಷದ ದಾರಿ, ಮಾಮೂಲಿ ಟ್ಯಾಕ್ಸಿ ಸಾಕಿತ್ತು.

ಮುಂದಿನ ಸಲಕ್ಕೂ ಅದೇ ಕೋಣೆ ಕೇಳಿ ಮೇಲ್ ಬರೆದಿದ್ದೆ. 310 ಈಗ 330 ಆಗಿದೆ. ಈ ಸಲ ಭಾವನೂ ಬರುತ್ತಾರಂತೆ, ಅವರಿಗೆ ಕೆಳಗಿನ ಮಹಡಿಯಲ್ಲಿ ಒಂದು ಕೋಣೆ ಹೇಳಿಟ್ಟಿದ್ದೇನೆ. ಕಿಟಕಿ ಇರೋದು ಮಾತ್ರ ಅಪ್ಪನಿಗೆ.