ಹಳದಿ ಹೋಯ್ತು, ಹಳದಿ ಬಂತು: ಬಿ2 ಜೊತೆ ನನ್ನ ಅನುಭವ

ನಮ್ಮ ಜೀವಕೋಶಗಳಲ್ಲಿ ಕಿಣ್ವಗಳಿಗೆ ನೆರವಾಗುವ ಎಫ್‌ಎಡಿ ಅನ್ನೋ ಅಣು ಎಲೆಕ್ಟ್ರಾನ್ ಹೊರುತ್ತದೆ ಅಂತ ವರ್ಷಗಟ್ಟಲೆ ಪಾಠ ಮಾಡಿದ್ದೆ. ಒಂದು ದಿನ ಹುಡುಗಿಯೊಬ್ಬಳು, ಅದನ್ನ ಕಣ್ಣಾರೆ ನೋಡೋಕಾಗುತ್ತಾ ಸರ್ ಅಂತ ಕೇಳಿದಳು. ಸುಮ್ನೆ ಆಗಲ್ಲ ಅಂದುಬಿಟ್ಟೆ. ಮನೆಗೆ ಬಂದ ಮೇಲೆ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ಎಫ್‌ಎಡಿ ತಯಾರಾಗೋದೇ ರೈಬೋಫ್ಲೇವಿನ್‌ನಿಂದ, ಅಂದರೆ ವಿಟಮಿನ್ ಬಿ2ಯಿಂದ. ಎಲೆಕ್ಟ್ರಾನ್ ಹಿಡಿಯುವ ಮೂರು ಉಂಗುರಗಳ ಭಾಗ ಎರಡರಲ್ಲೂ ಒಂದೇ. ಹಳದಿ ಬಣ್ಣಕ್ಕೂ ಅದೇ ಭಾಗ ಕಾರಣ. ಬಿ ಕಾಂಪ್ಲೆಕ್ಸ್ ನುಂಗಿದರೆ ಮೂತ್ರ ಕಣ್ಣು ಕುಕ್ಕುವಷ್ಟು ಹಳದಿಯಾಗುತ್ತಲ್ಲ, ಅದೇ ಬಣ್ಣ.

ಬಿ2 ಒಂದೇ ಇರುವ 10 ಮಿಲಿಗ್ರಾಂ ಮಾತ್ರೆಯನ್ನು ಪುಡಿ ಮಾಡಿ ಒಂದು ಲೀಟರ್ ಬಿಸಿ ನೀರಿಗೆ ಹಾಕಿದೆ. ಇದು ನೀರಲ್ಲಿ ಕರಗೋದು ಬಹಳ ಕಮ್ಮಿ, ಲೀಟರಿಗೆ ಸುಮಾರು 100 ಮಿಲಿಗ್ರಾಂ ಅಷ್ಟೇ, ಆದರೆ ನಮಗೆ ಅಷ್ಟೆಲ್ಲ ಬೇಡ. ಬಿಸಿಗೆ ಹೆದರುವ ವಿಟಮಿನ್ನೂ ಅಲ್ಲ. ಮಾತ್ರೆಯ ಬಿಳಿ ಗಸಿಯನ್ನು ಫಿಲ್ಟರ್ ಕಾಗದದಲ್ಲಿ ಸೋಸಿ, ಕತ್ತಲಲ್ಲಿ ಯುವಿ ಟಾರ್ಚ್ ಹಿಡಿದರೆ ತಿಳಿ ಹಳದಿ ನೀರು ಹಸಿರಾಗಿ ಉರಿಯಿತು!

ಆಮೇಲೆ ಸೋಡಿಯಂ ಡೈಥಯೊನೈಟ್, ಅಂದರೆ ಬೇರೆ ಅಣುಗಳಿಗೆ ಎಲೆಕ್ಟ್ರಾನ್ ಕೊಡುವ ಪುಡಿ. ಒಂದು ಚಮಚ ಸುರಿದೆ, ಅದೇ ತಪ್ಪು. ಹಳದಿ ಮಾಯ, ಹೊಳಪೂ ಮಾಯ, ಅಲ್ಲಿಗೆ ಸರಿ. ಆದರೆ ಬಾಟಲಿ ಕುಲುಕಿ ಕುಲುಕಿ ಕೈ ಸೋತರೂ ಬಣ್ಣ ವಾಪಸ್ ಬರಲಿಲ್ಲ, ಯಾಕಂದರೆ ಒಳಗೆ ಬಂದ ಆಕ್ಸಿಜನ್ನನ್ನು ಮಿಕ್ಕಿದ ಡೈಥಯೊನೈಟೇ ತಿಂದು ಹಾಕುತ್ತಿತ್ತು. ಮಾರನೇ ದಿನ ಅರ್ಧ ಬಾಟಲಿ ದ್ರಾವಣಕ್ಕೆ ಚಮಚದ ತುದಿಯಲ್ಲಿ ನಾಲ್ಕೈದು ಕಾಳಿನಷ್ಟು ಹಾಕಿದೆ. ಬಣ್ಣ ಹೋಯಿತು. ಮುಚ್ಚಳ ಬಿಗಿದು ಜೋರಾಗಿ ಕುಲುಕಿದೆ, ಮೊದಲು ಮೇಲಿನ ನೊರೆಯ ಹತ್ತಿರ, ಆಮೇಲೆ ಕೆಳಗಿನವರೆಗೂ ಹಳದಿ ಇಳಿಯಿತು. ಎರಡು ಎಲೆಕ್ಟ್ರಾನ್, ಎರಡು ಪ್ರೋಟಾನ್ ಒಳಗೆ ಬಂದರೆ ಬಣ್ಣವಿಲ್ಲ, ಆಕ್ಸಿಜನ್ ಕಿತ್ತುಕೊಂಡರೆ ಮತ್ತೆ ಹಳದಿ.

ಜೀವಕೋಶದಲ್ಲಿ ಶಕ್ತಿ ತಯಾರಾಗುವ ಜಾಗವಾದ ನಮ್ಮ ಮೈಟೊಕಾಂಡ್ರಿಯಾದಲ್ಲೂ ಹೀಗೇನಾ ಅಂದರೆ ಪೂರ್ತಿ ಹೀಗಲ್ಲ, ಇದನ್ನ ಮಕ್ಕಳಿಗೆ ಒತ್ತಿ ಹೇಳುತ್ತೇನೆ. ಅಲ್ಲಿ ಸಕ್ಸಿನೇಟ್ ಡಿಹೈಡ್ರೋಜಿನೇಸ್ ಅನ್ನೋ ಕಿಣ್ವದಲ್ಲಿರುವ ಎಫ್‌ಎಡಿ, ಸಕ್ಸಿನೇಟ್‌ನಿಂದ ಎರಡು ಹೈಡ್ರೋಜನ್ ತೆಗೆದುಕೊಳ್ಳುತ್ತದೆ, ಸಕ್ಸಿನೇಟ್ ಫ್ಯೂಮರೇಟ್ ಆಗುತ್ತದೆ. ಆದರೆ ಎಲೆಕ್ಟ್ರಾನ್‌ಗಳು ನೇರ ಆಕ್ಸಿಜನ್‌ಗೆ ಹೋಗಲ್ಲ. ಕಬ್ಬಿಣ-ಗಂಧಕದ ಗೊಂಚಲುಗಳ ಮೂಲಕ ಯೂಬಿಕ್ವಿನೋನ್ ಅನ್ನೋ ಇನ್ನೊಂದು ಎಲೆಕ್ಟ್ರಾನ್ ಹೊರುವ ಅಣುವಿಗೆ ದಾಟುತ್ತವೆ, ಆಕ್ಸಿಜನ್ ಸಿಗೋದು ಸರಪಳಿಯ ಕೊನೆಗೆ. ನನ್ನ ಬಾಟಲಿಯಲ್ಲಿ ಮಧ್ಯವರ್ತಿಗಳೇ ಇಲ್ಲ, ಎಲೆಕ್ಟ್ರಾನ್ ನೇರ ಆಕ್ಸಿಜನ್‌ಗೇ ಹೋಗುತ್ತದೆ.

ಇನ್ನೊಂದು ಎಡವಟ್ಟು. ಉಳಿದ ದ್ರಾವಣವನ್ನು ಗಾಜಿನ ಬಾಟಲಿಯಲ್ಲಿ ಕಿಟಕಿ ಮೇಲೆ ಮರೆತಿದ್ದೆ. ವಾರ ಬಿಟ್ಟು ನೋಡಿದರೆ ಹೆಚ್ಚುಕಮ್ಮಿ ನೀರಿನ ಹಾಗಿದೆ, ಟಾರ್ಚ್ ಬಿಟ್ಟರೆ ಹಸಿರಲ್ಲ, ನೀಲಿ! ಬಿಸಿಗೆ ಬಗ್ಗದ್ದು ಬೆಳಕಿಗೆ ಬಗ್ಗಿತ್ತು. ಉಂಗುರಗಳಿಗೆ ಅಂಟಿದ ಸಕ್ಕರೆಯಂಥ ಬಾಲ ಕಳಚಿ ಲ್ಯೂಮಿಕ್ರೋಮ್ ಅನ್ನೋ ಬೇರೆಯೇ ಅಣು ಆಗಿತ್ತು, ಬಾಲ ಹೋದ ಮೇಲೆ ಅದರಿಂದ ಎಫ್‌ಎಡಿ ಮಾಡೋಕೆ ದೇಹಕ್ಕೆ ಬರಲ್ಲ. ಈಗ ಬಾಟಲಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿಡುತ್ತೇನೆ. ಆ ನೀಲಿ ಬಾಟಲಿಯನ್ನೂ ಎಸೆದಿಲ್ಲ, ಎರಡನ್ನೂ ಪಕ್ಕಪಕ್ಕ ಇಟ್ಟು ಟಾರ್ಚ್ ಬಿಟ್ಟರೆ ಹಿಂದಿನ ಬೆಂಚಿನವರೂ ಎದ್ದು ಮುಂದೆ ಬರುತ್ತಾರೆ.