ಕಬ್ಬಿನ ಸುಳಿ ಕೊರಕಕ್ಕೆ ಟ್ರೈಕೊ ಕಾರ್ಡ್ ಕಟ್ಟಿದ ನನ್ನ ಅನುಭವ

ಮಂಡ್ಯದ ಹತ್ತಿರ ನಮ್ಮದು ಒಂದೂವರೆ ಎಕರೆ ಕಬ್ಬು. ಹೋದ ಸಲ ನಾಟಿ ಮಾಡಿ ನಲವತ್ತು ದಿನವಾಗಿತ್ತು. ಬಿಸಿಲು ಜಾಸ್ತಿ, ನಾಲೆಯಲ್ಲಿ ನೀರು ಕಡಿಮೆ. ಅಲ್ಲೊಂದು ಇಲ್ಲೊಂದು ಸುಳಿ ಒಣಗತೊಡಗಿತು. ಒಂದನ್ನು ಹಿಡಿದು ಎಳೆದೆ, ಸಲೀಸಾಗಿ ಕೈಗೆ ಬಂತು. ಬುಡ ಕೊಳೆತು ನಾರುತ್ತಿತ್ತು. ಕಾಂಡ ಸೀಳಿ ನೋಡಿದರೆ ಮಾಸಲು ಬಿಳಿ ಹುಳು, ಬೆನ್ನ ಮೇಲೆ ಐದು ನೇರಳೆ ಗೆರೆ.

ಇದೇ ಸುಳಿ ಕೊರಕ. ಇದರ ತಾಯಿ ಒಣಹುಲ್ಲಿನ ಬಣ್ಣದ ಸಣ್ಣ ಪತಂಗ. ತಲೆಯ ಮುಂದೆ ಕೊಕ್ಕಿನ ಹಾಗೆ ಮೂತಿ ಚಾಚಿರುತ್ತದೆ. ಎಲೆಯ ಅಡಿಯಲ್ಲಿ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಚಪ್ಪಟೆ ಮೊಟ್ಟೆ ಇಡುತ್ತದೆ. ಮರಿ ಸುಳಿಯೊಳಗೆ ಸೇರಿದ ಮೇಲೆ ಔಷಧಿ ತಾಗುವುದು ಕಷ್ಟ. ಮೊಟ್ಟೆಯಲ್ಲೇ ಹಿಡಿಯಬೇಕು. ಅದಕ್ಕೇ ಟ್ರೈಕೊ ಕಾರ್ಡ್ ತಂದೆ.

ಅಕ್ಕಿ ಡಬ್ಬದಲ್ಲಿ ಬಲೆ ಕಟ್ಟುವ ಹುಳು ಗೊತ್ತಲ್ವಾ? ಅದರ ಪತಂಗವೂ ಇದೇ ಮೂತಿ ಪತಂಗಗಳ ಬಳಗ. ಅದರ ಮೊಟ್ಟೆಗಳನ್ನು ಕಾರ್ಡಿಗೆ ಅಂಟಿಸಿ, ಟ್ರೈಕೋಗ್ರಾಮ ಎಂಬ ಕಣಜವನ್ನು ಅದರಲ್ಲಿ ಬೆಳೆಸಿರುತ್ತಾರೆ. ಕಣಜ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಹೊರಬಂದು ಕೊರಕದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಒಂದು ಕಾರ್ಡಿನಲ್ಲಿ ಸುಮಾರು 20,000 ಮೊಟ್ಟೆ.

ಮೊದಲನೇ ಸಲ ಮೋಸ ಹೋದೆ. ಅಂಗಡಿಯವರು ಕೊಟ್ಟದ್ದನ್ನು ಸುಮ್ನೆ ತಂದು ಕಟ್ಟಿದೆ. ಸುಳಿ ಒಣಗುವುದು ನಿಲ್ಲಲೇ ಇಲ್ಲ. ಉಳಿದ ಚೂರನ್ನು ಮಗಳ ಭೂತಗನ್ನಡಿಯಲ್ಲಿ ನೋಡಿದೆ. ಮೊಟ್ಟೆ ಮೊಟ್ಟೆಗೂ ಗುಂಡನೆಯ ತೂತು! ಕಣಜಗಳು ಅಂಗಡಿಯಲ್ಲೇ ಹಾರಿಹೋಗಿದ್ದವು. ನನಗೆ ತುಂಬಾ ಬೇಜಾರಾಯಿತು, ಅಷ್ಟರಲ್ಲಿ ಹತ್ತು ದಿನ ಕಳೆದಿತ್ತು. ಈಗ ಅಂಗಡಿಯಲ್ಲೇ ಭೂತಗನ್ನಡಿ ಹಿಡಿಯುತ್ತೇನೆ. ಒಳಗೆ ಕಣಜ ಬೆಳೆಯುತ್ತಿದ್ದರೆ ಮೊಟ್ಟೆ ಕಪ್ಪಾಗುತ್ತದೆ. ಹಾಗಾಗಿ ಮೊಟ್ಟೆ ಕಪ್ಪಗಿರಬೇಕು, ತೂತು ಇರಬಾರದು.

ಈ ಸಲ ಮೂವತ್ತನೇ ದಿನಕ್ಕೇ ಶುರು ಮಾಡಿದೆ. ಸಂಜೆ ತಂಪಿನಲ್ಲಿ ಕಾರ್ಡ್ ಕತ್ತರಿಸಿ, ಎಲೆಯ ಅಡಿಗೆ ಸ್ಟೇಪ್ಲರ್ ಹೊಡೆದೆ. ನೆಲಕ್ಕೆ ತಾಗುವ ಎಲೆ ಬೇಡ, ಇರುವೆ ತಿಂದುಬಿಡುತ್ತವೆ. ಹತ್ತು ದಿನಕ್ಕೊಮ್ಮೆ, ಒಟ್ಟು ಐದು ಸಲ. ಅಷ್ಟೂ ದಿನ ಯಾವ ಔಷಧಿಯನ್ನೂ ಹೊಡೆಯಲಿಲ್ಲ. ಸಾಲಿನ ನಡುವೆ ತರಗು ಹಾಸಿದೆ, ನಲವತ್ತೈದನೇ ದಿನ ಬುಡಕ್ಕೆ ಸ್ವಲ್ಪ ಮಣ್ಣು ಏರಿಸಿದೆ.

ಎರಡನೇ ಕಾರ್ಡ್ ಕಟ್ಟಿದ ವಾರಕ್ಕೆ ಒಂದು ಎಲೆ ಮಗುಚಿ ನೋಡಿದೆ. ಕೊರಕದ ಮೊಟ್ಟೆಗಳ ಸಾಲು ಅಲ್ಲೇ ಇತ್ತು, ಇದ್ದಿಲಿನಷ್ಟು ಕಪ್ಪಗೆ. ಆ ಎಲೆಗೆ ದಾರ ಕಟ್ಟಿ ದಿನಾ ಹೋಗಿ ನೋಡಿದೆ. ಒಂದು ಮರಿಯೂ ಹೊರಬರಲಿಲ್ಲ.